ಒಗಟು, ಹರಟೆ, ಕಸುಬು: ಪ್ರೋಗ್ರಾಮರ್‌ಗಳ ಆಟದ ಇತಿಹಾಸ

ಕಂಪ್ಯೂಟರಿನ ಇತಿಹಾಸವನ್ನು ಯಂತ್ರಗಳ, ಕಂಪನಿಗಳ ಮತ್ತು ಪ್ರಸಿದ್ಧ ಸಂಶೋಧಕರ ಇತಿಹಾಸವಾಗಿ ಬರೆಯುವುದು ರೂಢಿ. ಪ್ರೋಗ್ರಾಂ ಬರೆಯುವ ಕಸುಬಿನವರು ಕೆಲಸದ ನಡುನಡುವೆ ಒಬ್ಬರಿಗೊಬ್ಬರು ಒಡ್ಡಿಕೊಂಡ ಒಗಟುಗಳು, ಅವುಗಳ ಸುತ್ತ ನಡೆದ ಹರಟೆ ಮತ್ತು ಆ ಹರಟೆಯಲ್ಲಿ ಹುಟ್ಟಿದ ಪದಗಳು ಇಂತಹ ಬರವಣಿಗೆಯಲ್ಲಿ ಅಡಿಟಿಪ್ಪಣಿಯ ಮಟ್ಟದಲ್ಲೇ ಉಳಿದುಬಿಡುತ್ತವೆ. ಆದರೆ ಅಮೆರಿಕದ ಎರಡು ಕೇಂದ್ರಗಳಲ್ಲಿ, ಅಂದರೆ ಕೇಂಬ್ರಿಜ್ ಪಟ್ಟಣದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) ಮತ್ತು ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ, 1950ರ ದಶಕದ ಕೊನೆಯಿಂದ 1980ರ ದಶಕದ ನಡುಭಾಗದವರೆಗೆ ನಡೆದುದನ್ನು ಹತ್ತಿರದಿಂದ ನೋಡಿದರೆ, ಈ ಕಸುಬಿನ ಉಪಕರಣಗಳೂ ಅಭಿರುಚಿಯೂ ಬಹುಮಟ್ಟಿಗೆ ಈ ಆಟದಲ್ಲಿಯೇ ರೂಪುಗೊಂಡವೆಂಬುದು ಸ್ಪಷ್ಟವಾಗುತ್ತದೆ.

ಎಂಐಟಿಯ ಕಥೆ ಕಂಪ್ಯೂಟರಿನಿಂದ ಆರಂಭವಾಗುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರ್ ಸಂಶೋಧನೆಗೆಂದು ತಾತ್ಕಾಲಿಕವಾಗಿ ಕಟ್ಟಿದ, ಆದರೆ 1998ರವರೆಗೂ ಉಳಿದ, ಮರದ ‘20ನೆಯ ಕಟ್ಟಡ’ದಲ್ಲಿ ವಿದ್ಯಾರ್ಥಿಗಳ ಮಾದರಿ ರೈಲು ಸಂಘವೊಂದಿತ್ತು. ಸಂಘದ ಕೆಲವರಿಗೆ ಪುಟ್ಟ ಬೋಗಿಗಳಿಗೆ ಬಣ್ಣ ಬಳಿಯುವುದರಲ್ಲಿ, ಊರು ಬೆಟ್ಟಗಳ ಮಾದರಿ ಮಾಡುವುದರಲ್ಲಿ ಆಸಕ್ತಿ. ಇನ್ನು ಕೆಲವರಿಗೆ ಮೇಜಿನ ಕೆಳಗೆ ಹರಡಿದ್ದ ತಂತಿಗಳು, ಟೆಲಿಫೋನ್ ವಿನಿಮಯ ಕೇಂದ್ರಗಳಿಂದ ಬಂದ ರಿಲೇಗಳು ಮತ್ತು ಹಲವು ರೈಲುಗಳನ್ನು ಹಲವರು ಏಕಕಾಲದಲ್ಲಿ ನಡೆಸಲು ಅನುವು ಮಾಡುವ ಸ್ವಿಚ್ಚುಗಳ ಜಾಲವೇ ಪ್ರಪಂಚ. ಈ ಎರಡನೆಯ ಗುಂಪಿನವರು, ‘ಸಂಕೇತ ಮತ್ತು ವಿದ್ಯುತ್ ಉಪಸಮಿತಿ’ಯವರು, ಜಾಣತನದಿಂದ ಹೊಸೆದ, ತಕ್ಷಣದ ಉಪಯೋಗವಿಲ್ಲದಿದ್ದರೂ ನೋಡಿದವರು ತಲೆದೂಗುವಂತಹ ಕೆಲಸವನ್ನು ‘ಹ್ಯಾಕ್’ ಎಂದು ಕರೆಯುತ್ತಿದ್ದರು. ಪೀಟರ್ ಸ್ಯಾಮ್ಸನ್ ಎಂಬ ಸದಸ್ಯ 1959ರಲ್ಲಿ ಸಂಘದ ಆಡುಮಾತುಗಳ ಕಿರುನಿಘಂಟನ್ನು ಸಿದ್ಧಪಡಿಸಿದಾಗ ಈ ಪದವೂ ಅದರಲ್ಲಿ ಸೇರಿತು. ಬೀಗ ಒಡೆದು ನುಗ್ಗುವ ಕಳ್ಳತನದ ಅರ್ಥ ಅದಕ್ಕೆ ಅಂಟಿಕೊಂಡದ್ದು ಆಮೇಲೆ.

ಆಗ ಸಂಸ್ಥೆಯಲ್ಲಿದ್ದ ದೊಡ್ಡ ಯಂತ್ರ ಐಬಿಎಂ 704. ಪ್ರೋಗ್ರಾಂ ಬರೆದವನು ಅದನ್ನು ರಂಧ್ರ ಕೊರೆದ ಕಾರ್ಡುಗಳ ಕಟ್ಟಾಗಿ ಕೌಂಟರಿನಲ್ಲಿ ಒಪ್ಪಿಸಬೇಕಿತ್ತು. ಯಂತ್ರವನ್ನು ಮುಟ್ಟುವ ಅಧಿಕಾರ ನಿರ್ವಾಹಕರದು ಮಾತ್ರ, ಮತ್ತು ಒಂದು ಅಲ್ಪವಿರಾಮ ತಪ್ಪಿದ್ದರೂ ಅದು ತಿಳಿಯುವುದು ಗಂಟೆಗಳ ನಂತರ ಅಥವಾ ಮರುದಿನ. ಅಲ್ಲಿನ ಅಧ್ಯಾಪಕ ಜಾನ್ ಮೆಕಾರ್ಥಿ 1959ರಲ್ಲಿ ಹೊಸ ವಿದ್ಯಾರ್ಥಿಗಳಿಗಾಗಿ ಪ್ರೋಗ್ರಾಮಿಂಗ್ ತರಗತಿ ಆರಂಭಿಸಿದಾಗ ಸಂಘದ ಹುಡುಗರು ಅದಕ್ಕೆ ಸೇರಿದರು. ಆದರೆ ಅವರ ಮನಸ್ಸನ್ನು ಸೆಳೆದದ್ದು ಟಿಎಕ್ಸ್-0 ಎಂಬ ಮತ್ತೊಂದು ಯಂತ್ರ. ಲಿಂಕನ್ ಪ್ರಯೋಗಾಲಯದಲ್ಲಿ ನಿರ್ಮಾಣವಾಗಿ 1958ರಲ್ಲಿ ಎಂಐಟಿಗೆ ಎರವಲಾಗಿ ಬಂದ ಈ ಯಂತ್ರ ನಿರ್ವಾತ ಕೊಳವೆಗಳ ಬದಲು ಟ್ರಾನ್ಸಿಸ್ಟರುಗಳಿಂದ ನಡೆಯುತ್ತಿದ್ದ ಮೊದಲ ಕಂಪ್ಯೂಟರುಗಳಲ್ಲೊಂದು. ಅದರ ಮುಂದೆ ಕುಳಿತು, ಬೆರಳಚ್ಚು ಯಂತ್ರದಂತಹ ಸಾಧನದಲ್ಲಿ ತಾವೇ ಟೇಪು ಕೊರೆದು, ತಾವೇ ಓಡಿಸಿ, ತಪ್ಪಿದ್ದಲ್ಲಿ ತಿದ್ದಿ ಮತ್ತೆ ಓಡಿಸಬಹುದಿತ್ತು. ಸಂಘದ ಹಳೆಯ ಸದಸ್ಯ ಜ್ಯಾಕ್ ಡೆನಿಸ್ ಈ ಕೋಣೆಗೆ ಕಿರಿಯರನ್ನು ಪರಿಚಯಿಸಿದರು. ಹಗಲಿನ ಗಂಟೆಗಳನ್ನು ಅಧಿಕೃತ ಸಂಶೋಧಕರು ಕಾದಿರಿಸಿರುತ್ತಿದ್ದರಾದ್ದರಿಂದ ಹುಡುಗರಿಗೆ ಒದಗಿದ್ದು ರಾತ್ರಿ; ಪ್ರೋಗ್ರಾಮರ್‌ಗಳ ರಾತ್ರಿಜೀವನ ಎಂದು ಮುಂದೆ ಹೆಸರಾದ ಅಭ್ಯಾಸಕ್ಕೆ ಮೂಲ ಕಾರಣ ಈ ಯಂತ್ರಸಮಯದ ಅಭಾವವೇ ಹೊರತು ಸ್ವಭಾವದ ವೈಚಿತ್ರ್ಯವಲ್ಲ.

ಸಮಯದಷ್ಟೇ ಮೆಮೊರಿಯೂ ಕಡಿಮೆ. ಎಂಐಟಿಗೆ ಬರುವ ಹೊತ್ತಿಗೆ ಟಿಎಕ್ಸ್-0ದಲ್ಲಿ ಉಳಿದಿದ್ದದ್ದು 18 ಬಿಟ್‌ಗಳ 4,096 ಕೋಶಗಳು ಮಾತ್ರ. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಎರಡೇ ಸ್ಥಿತಿಗಳಿರುವ, ಮಾಹಿತಿಯ ಅತ್ಯಂತ ಸಣ್ಣ ಘಟಕ. ಪ್ರೋಗ್ರಾಮಿನ ಪ್ರತಿ ಆದೇಶವೂ ಒಂದು ಕೋಶವನ್ನು ನುಂಗುತ್ತಿದ್ದ ಕಾರಣ ಅದೇ ಕೆಲಸವನ್ನು ಕಡಿಮೆ ಆದೇಶಗಳಲ್ಲಿ ಮಾಡಿ ಮುಗಿಸುವುದು ಮೊದಲು ಅಗತ್ಯವಾಗಿ, ಆಮೇಲೆ ಪಂದ್ಯವಾಗಿ ಬೆಳೆಯಿತು. ಇದಕ್ಕೆ ಅವರು ‘ಬಮ್ಮಿಂಗ್’ ಎಂದು ಹೆಸರಿಟ್ಟರು. ಯಂತ್ರದೊಳಗೆ ದ್ವಿಮಾನದಲ್ಲಿರುವ ಸಂಖ್ಯೆಯನ್ನು ಮನುಷ್ಯರು ಓದುವ ದಶಮಾನಕ್ಕೆ ತಿರುಗಿಸಿ ಅಚ್ಚಿಸುವ ಕಿರುಪ್ರೋಗ್ರಾಂ ಈ ಪಂದ್ಯದ ಅಚ್ಚುಮೆಚ್ಚಿನ ಕಣವಾಗಿತ್ತು. ಸ್ಟೀವನ್ ಲೆವಿ 1984ರ ತಮ್ಮ ‘ಹ್ಯಾಕರ್ಸ್’ ಗ್ರಂಥದಲ್ಲಿ ದಾಖಲಿಸಿರುವಂತೆ, ಹಲವರು ಒಬ್ಬರ ಮೇಲೊಬ್ಬರು ಅದನ್ನು ಕತ್ತರಿಸುತ್ತ ಬಂದು, ಇನ್ನು ಸಾಧ್ಯವಿಲ್ಲವೆಂದು ವಾದವಿವಾದಕ್ಕೆ ಇಳಿದಿದ್ದಾಗ, ಮಿತಭಾಷಿಯಾದ ವಿದ್ಯಾರ್ಥಿಯೊಬ್ಬ ಲೆಕ್ಕದ ವಿಧಾನವನ್ನೇ ಬದಲಿಸಿ 46 ಆದೇಶಗಳಲ್ಲಿ ಅದನ್ನು ಮುಗಿಸಿದ. ಕತ್ತರಿಸುವುದರಿಂದ ಒಂದು ಹಂತದವರೆಗೆ ಮಾತ್ರ ಹೋಗಬಹುದು, ಅಲ್ಲಿಂದಾಚೆಗೆ ಸಮಸ್ಯೆಯನ್ನು ಬೇರೆ ಕಡೆಯಿಂದ ನೋಡಬೇಕು ಎಂಬ ಪಾಠವನ್ನು ಆ ಕೋಣೆಯಲ್ಲಿ ಯಾವ ಪಠ್ಯಪುಸ್ತಕವೂ ಕಲಿಸಿರಲಿಲ್ಲ.

ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1961ರಲ್ಲಿ ತನ್ನ ಪಿಡಿಪಿ-1 ಯಂತ್ರವನ್ನು ಎಂಐಟಿಗೆ ದಾನವಾಗಿ ಕೊಟ್ಟಾಗ ಆಟಕ್ಕೆ ಚಿತ್ರದ ಪರದೆಯೂ ಸೇರಿತು. ಸ್ಟೀವ್ ರಸೆಲ್ 1962ರ ಆರಂಭದಲ್ಲಿ ಬರೆದ ‘ಸ್ಪೇಸ್‌ವಾರ್’ ಆಟ, ಅಂದರೆ ಪರದೆಯ ಮೇಲೆ ಎರಡು ನೌಕೆಗಳು ಪರಸ್ಪರ ಗುಂಡು ಹಾರಿಸುವ ಕಾಳಗ, ಒಬ್ಬನ ಕೃತಿಯಾಗಿ ಉಳಿಯಲಿಲ್ಲ. ಕೋನಗಳ ಸೈನ್ ಮತ್ತು ಕೊಸೈನ್ ಬೆಲೆ ಕಟ್ಟುವ ಉಪಪ್ರೋಗ್ರಾಂ ತನ್ನಲ್ಲಿಲ್ಲವೆಂದು ರಸೆಲ್ ಕೆಲಸ ಮುಂದೂಡುತ್ತಿದ್ದಾಗ ಆಲನ್ ಕೊಟಾಕ್ ಕಂಪನಿಗೇ ಹೋಗಿ ಅದರ ಟೇಪುಗಳನ್ನು ತಂದು ಮುಂದಿಟ್ಟ. ಡಾನ್ ಎಡ್ವರ್ಡ್ಸ್ ನಡುವಿನ ನಕ್ಷತ್ರಕ್ಕೆ ಗುರುತ್ವಾಕರ್ಷಣೆಯನ್ನು ಸೇರಿಸಿದ. ಹಿನ್ನೆಲೆಯ ಚುಕ್ಕಿಗಳು ಯದ್ವಾತದ್ವಾ ಇದ್ದುದನ್ನು ಸಹಿಸದ ಸ್ಯಾಮ್ಸನ್, ಪಂಚಾಂಗದ ಅಂಕಿಅಂಶಗಳನ್ನು ಹಿಡಿದು ಐದನೆಯ ಕಾಂತಿಮಾನದವರೆಗಿನ ನಿಜವಾದ ನಕ್ಷತ್ರಗಳನ್ನು ಅವುಗಳ ಸ್ಥಾನದಲ್ಲಿ ನಿಲ್ಲಿಸಿದ. ಪ್ರೋಗ್ರಾಮುಗಳ ಕಾಗದದ ಟೇಪುಗಳು ಯಂತ್ರದ ಪಕ್ಕದ ಸೆಳೆಖಾನೆಯಲ್ಲಿ ಬೀಗವಿಲ್ಲದೆ ಇರುತ್ತಿದ್ದವು. ಯಾರು ಬೇಕಾದರೂ ತೆಗೆದು ಓಡಿಸಬಹುದು, ಓದಬಹುದು, ಉತ್ತಮಪಡಿಸಿ ಮತ್ತೆ ಅಲ್ಲಿಯೇ ಇಡಬಹುದು. ಈ ಕಾಲದ ಎಲ್ಲ ಸಾಧನೆಗಳ ಹಿಂದೆ ನಿಂತಿರುವ ಪದ್ಧತಿ ಇದು, ಮತ್ತು ಅದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲ.

ಈ ಸ್ವಾತಂತ್ರ್ಯದ ಬೆಲೆಯನ್ನು ಇತರರೂ ತೆತ್ತರು ಎಂಬುದನ್ನು ಮರೆಮಾಚಬಾರದು. ರಾತ್ರಿಯ ತಂಡದವರು ಯಾರ ಅನುಮತಿಯನ್ನೂ ಕೇಳದೆ ಪಿಡಿಪಿ-1ರ ತಂತಿಗಳನ್ನು ಬದಲಿಸಿದ್ದರಿಂದ, ಹಗಲಿನಲ್ಲಿ ಹವಾಮಾನದ ಲೆಕ್ಕಾಚಾರ ನಡೆಸುತ್ತಿದ್ದ ಮಾರ್ಗರೆಟ್ ಹ್ಯಾಮಿಲ್ಟನ್ ಅವರ ಸರಿಯಾಗಿದ್ದ ಪ್ರೋಗ್ರಾಂ ಕೆಟ್ಟುಹೋದ ಪ್ರಸಂಗವನ್ನು ಲೆವಿಯೇ ವಿವರಿಸಿದ್ದಾರೆ. ಮುಂದೆ ಅಪೊಲೊ ಚಂದ್ರಯಾನದ ಹಾರಾಟ ತಂತ್ರಾಂಶವನ್ನು ಸಿದ್ಧಪಡಿಸಿದ ತಂಡದ ನೇತೃತ್ವ ವಹಿಸಿದವರು ಇವರೇ. ತಮ್ಮ ಆಟವೇ ಯಂತ್ರದ ನಿಜವಾದ ಉಪಯೋಗ, ಉಳಿದವರ ಕೆಲಸ ಅದಕ್ಕೆ ಅಡ್ಡಿ ಎಂಬ ಭಾವನೆ ಆ ವಲಯದಲ್ಲಿತ್ತು, ಮತ್ತು ಅದು ಬಹುತೇಕ ಪುರುಷರ ವಲಯವಾಗಿಯೇ ಉಳಿಯಿತು. ಅದೇ ಸಂಸ್ಥೆಯ ಪ್ರಾಧ್ಯಾಪಕ ಜೋಸೆಫ್ ವೈಜೆನ್‌ಬಾಮ್ 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಊಟ ನಿದ್ದೆ ಬಿಟ್ಟು ಯಂತ್ರಕ್ಕೆ ಅಂಟಿಕೊಂಡ ಇಂತಹ ತರುಣರನ್ನು ಜೂಜುಗಾರರ ಸಾಲಿನಲ್ಲಿ ಇಟ್ಟು ನೋಡಿದರು. ಅವರ ಟೀಕೆ ಕಟುವಾದುದು. ಆದರೆ ಚಟ ಮತ್ತು ಸಾಧನೆ ಒಂದೇ ಕೋಣೆಯಲ್ಲಿದ್ದವೆಂಬ ಅವರ ಅವಲೋಕನವನ್ನು ತಳ್ಳಿಹಾಕುವಂತಿಲ್ಲ.

ಎಂಐಟಿಯ ಒಗಟುಗಳ ಪರಂಪರೆ ಅತ್ಯಂತ ಸಾಂದ್ರವಾಗಿ ದೊರೆಯುವುದು 1972ರ ಫೆಬ್ರವರಿಯಲ್ಲಿ ಅಲ್ಲಿನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯ ಹೊರತಂದ 239ನೆಯ ಆಂತರಿಕ ವರದಿಯಲ್ಲಿ. ಮೈಕಲ್ ಬೀಲರ್, ಬಿಲ್ ಗಾಸ್ಪರ್ ಮತ್ತು ರಿಚರ್ಡ್ ಶ್ರೊಪೆಲ್ ಸಂಕಲಿಸಿದ ಈ ವರದಿ ‘ಹ್ಯಾಕ್‌ಮೆಮ್’ ಎಂಬ ಹೆಸರಿನಿಂದಲೇ ಪ್ರಸಿದ್ಧ. ಅಲ್ಲಿನ ಯಂತ್ರದಲ್ಲಿ ಕಡತದ ಹೆಸರಿಗೆ ಆರು ಇಂಗ್ಲಿಷ್ ಅಕ್ಷರಗಳ ಮಿತಿಯಿದ್ದುದರಿಂದ ಹೆಸರು ಹಾಗೆ ಮೊಟಕಾಯಿತು. ಸಂಖ್ಯಾಸಿದ್ಧಾಂತ, ಚದುರಂಗದಂತಹ ಆಟಗಳ ವಿಶ್ಲೇಷಣೆ, ವಿದ್ಯುನ್ಮಂಡಲಗಳು, ಬಿಡಿಸಲಾಗದೆ ಉಳಿದ ಲೆಕ್ಕಗಳು, ಪ್ರೋಗ್ರಾಮಿಂಗ್ ಉಪಾಯಗಳು ಎಲ್ಲವೂ ಅದರಲ್ಲಿ ಒಂದರ ಪಕ್ಕ ಒಂದು ಬರುತ್ತವೆ, ಕೆಲವು ಒಂದೇ ಸಾಲಿನಲ್ಲಿ. ಓದುವವನಿಗೆ ಮಧ್ಯರಾತ್ರಿಯ ಹರಟೆಯನ್ನು ಯಾರೋ ಅಂಕಿ ಹಾಕಿ ಬರೆದಿಟ್ಟಂತೆ ಅನಿಸುವುದು ಸಹಜ, ಏಕೆಂದರೆ ಅದು ಹುಟ್ಟಿದ್ದೂ ಹಾಗೆಯೇ.

ಅದರ 169ನೆಯ ಅಂಶವನ್ನು ಸ್ವಲ್ಪ ಬಿಡಿಸಿ ನೋಡುವುದು ಉಚಿತ. 36 ಬಿಟ್‌ಗಳ ಒಂದು ಕೋಶದಲ್ಲಿ ಎಷ್ಟು ಒಂದುಗಳಿವೆ ಎಂದು ಎಣಿಸಬೇಕು. ಒಂದೊಂದೇ ಬಿಟ್ಟನ್ನು ಪರೀಕ್ಷಿಸಿದರೆ 36 ಸುತ್ತು ಬೇಕಾಗುತ್ತದೆ. ವರದಿಯ ಉಪಾಯದಲ್ಲಿ ಸುತ್ತುಗಳೇ ಇಲ್ಲ. ಮೊದಲು ಕೋಶವನ್ನು ಮೂರು ಮೂರು ಬಿಟ್‌ಗಳ ಗುಂಪುಗಳಾಗಿ ಕಾಣಬೇಕು; ಮೂರು ಬಿಟ್‌ಗಳ ಒಂದು ಸಂಖ್ಯೆಯಿಂದ ಅದರ ಅರ್ಧವನ್ನೂ ಕಾಲು ಭಾಗವನ್ನೂ, ಶೇಷ ಬಿಟ್ಟು, ಕಳೆದರೆ ಅದರಲ್ಲಿರುವ ಒಂದುಗಳ ಸಂಖ್ಯೆ ಉಳಿಯುತ್ತದೆ. ಉದಾಹರಣೆಗೆ ದ್ವಿಮಾನದ 111 ಅಂದರೆ ಏಳು. ಏಳರಲ್ಲಿ ಮೂರು ಮತ್ತು ಒಂದನ್ನು ಕಳೆದರೆ ಮೂರು. ದ್ವಿಮಾನದ 101 ಅಂದರೆ ಐದು. ಅದರಲ್ಲಿ ಎರಡು ಮತ್ತು ಒಂದನ್ನು ಕಳೆದರೆ ಎರಡು. ಯಂತ್ರ ಈ ಕಳೆಯುವಿಕೆಯನ್ನು ಹನ್ನೆರಡು ಗುಂಪುಗಳಲ್ಲಿಯೂ ಒಟ್ಟಿಗೆ ಮಾಡಬಲ್ಲದು. ಪಕ್ಕಪಕ್ಕದ ಗುಂಪುಗಳನ್ನು ಕೂಡಿಸಿದರೆ ಆರು ಬಿಟ್‌ಗಳ ಆರು ಗುಂಪುಗಳು, ಅಂದರೆ ಅರವತ್ತನಾಲ್ಕರ ಆಧಾರದಲ್ಲಿ ಬರೆದ ಆರು ಅಂಕಿಗಳು, ಸಿಗುತ್ತವೆ. ಇನ್ನು ಈ ಅಂಕಿಗಳ ಮೊತ್ತ ಮಾತ್ರ ಬೇಕು. ದಶಮಾನದ ಸಂಖ್ಯೆಯೊಂದನ್ನು ಒಂಬತ್ತರಿಂದ ಭಾಗಿಸಿದರೆ ಬರುವ ಶೇಷವೂ ಅದರ ಅಂಕಿಗಳ ಮೊತ್ತವನ್ನು ಒಂಬತ್ತರಿಂದ ಭಾಗಿಸಿದಾಗ ಬರುವ ಶೇಷವೂ ಒಂದೇ ಎಂಬುದು ಶಾಲೆಯ ಲೆಕ್ಕ. ಅದೇ ನಿಯಮದಂತೆ ಇಲ್ಲಿ ಇಡೀ ಕೋಶವನ್ನು 63ರಿಂದ ಭಾಗಿಸಿದರೆ ಉಳಿಯುವ ಶೇಷವೇ ಉತ್ತರ, ಏಕೆಂದರೆ ಮೊತ್ತ 36ನ್ನು ಎಂದಿಗೂ ಮೀರುವುದಿಲ್ಲ. ಹಳೆಯ ಅಂಕಗಣಿತದ ಒಂದು ನಿಯಮವನ್ನು ಯಂತ್ರದ ಒಡಲಿಗೆ ಹೀಗೆ ಕೂರಿಸಿದ ಕೈಚಳಕದಲ್ಲಿ ಉಪಯುಕ್ತತೆಯೂ ಸೌಂದರ್ಯವೂ ಬೇರೆಬೇರೆಯಾಗಿ ಉಳಿದಿಲ್ಲ.

ಅದೇ ವರದಿಯಲ್ಲಿ ಆ ಪ್ರಯೋಗಾಲಯದ ಮಾರ್ವಿನ್ ಮಿನ್ಸ್ಕಿ ಅವರ ವೃತ್ತದ ಉಪಾಯವಿದೆ. ಪರದೆಯ ಮೇಲೆ ಬಿಂದುವೊಂದನ್ನು ವರ್ತುಲವಾಗಿ ಚಲಿಸುವಂತೆ ಮಾಡುವಾಗ, ಅದರ ಅಡ್ಡ ಮತ್ತು ಉದ್ದ ಅಳತೆಗಳೆರಡನ್ನೂ ಹಳೆಯ ಬೆಲೆಗಳಿಂದಲೇ ಹೊಸದಾಗಿ ಲೆಕ್ಕಹಾಕುವುದು ಕ್ರಮಬದ್ಧವೆಂದು ಯಾರಿಗಾದರೂ ತೋರುತ್ತದೆ, ಆದರೆ ಹಾಗೆ ಮಾಡಿದಲ್ಲಿ ಬಿಂದು ಹೊರಹೊರಗೆ ಸುರುಳಿ ಸುತ್ತುತ್ತ ಹೋಗುತ್ತದೆ. ಒಂದು ರಿಜಿಸ್ಟರನ್ನು, ಅಂದರೆ ಲೆಕ್ಕದ ನಡುವೆ ಬೆಲೆಯನ್ನಿಡುವ ಜಾಗವನ್ನು, ಉಳಿಸಲೆಂದು ಮಿನ್ಸ್ಕಿ ಮೊದಲು ಬದಲಾದ ಅಳತೆಯನ್ನೇ ಎರಡನೆಯದರ ಲೆಕ್ಕಕ್ಕೆ ಬಳಸಿದ್ದರು. ಈ ತಪ್ಪಿನಿಂದಾಗಿ ರೇಖೆ ತನ್ನನ್ನು ತಾನೇ ಕೂಡಿಕೊಂಡಿತು. ಉಳಿತಾಯದ ಹಟದಿಂದ ಆದ ತಪ್ಪು ಸರಿಯಾದ ವಿಧಾನವೆಂದು ಸಿದ್ಧವಾದ ಇಂತಹ ನಿದರ್ಶನಗಳು ಬಮ್ಮಿಂಗ್ ಆಟಕ್ಕೆ ಸಂಶೋಧನೆಯ ಮಾನ್ಯತೆ ತಂದುಕೊಟ್ಟವು. ಆಟವೇ ಸಂಶೋಧನೆಯಾದ ಇನ್ನೊಂದು ಪ್ರಸಂಗ ಗಣಿತಜ್ಞ ಜಾನ್ ಕಾನ್ವೆ ಅವರ ‘ಲೈಫ್’ ಆಟದ್ದು; ಅದರಲ್ಲಿ ಚೌಕಗಳ ಹಾಸಿನ ಮೇಲಿನ ಕೋಶಗಳು ನಿಗದಿತ ನಿಯಮಗಳಂತೆ ತಲೆಮಾರಿನಿಂದ ತಲೆಮಾರಿಗೆ ಹುಟ್ಟುತ್ತವೆ, ಉಳಿಯುತ್ತವೆ ಇಲ್ಲವೇ ಸಾಯುತ್ತವೆ. ಮಾರ್ಟಿನ್ ಗಾರ್ಡನರ್ 1970ರ ಅಕ್ಟೋಬರ್‌ನಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಅದನ್ನು ಪರಿಚಯಿಸಿ, ಎಂದೆಂದಿಗೂ ಬೆಳೆಯುವ ವಿನ್ಯಾಸ ಇದೆಯೇ ಇಲ್ಲವೇ ಎಂಬುದನ್ನು ಸಾಧಿಸಿದವರಿಗೆ ಕಾನ್ವೆ 50 ಡಾಲರ್ ಕೊಡುತ್ತಾರೆಂದು ಬರೆದಾಗ, ಗಾಸ್ಪರ್ ತಂಡ ನವೆಂಬರ್‌ನಲ್ಲಿಯೇ ಪ್ರತಿ 30 ತಲೆಮಾರಿಗೊಮ್ಮೆ ಹೊಸ ಆಕೃತಿಯನ್ನು ಹೊರಚೆಲ್ಲುವ ವಿನ್ಯಾಸವನ್ನು ಕಂಡುಹಿಡಿದು ಆ ಬಹುಮಾನವನ್ನು ಗೆದ್ದಿತು.

ಬೆಲ್ ಪ್ರಯೋಗಾಲಯದ ವಾತಾವರಣ ವಿದ್ಯಾರ್ಥಿ ಸಂಘದ್ದಲ್ಲ. ಅಲ್ಲಿದ್ದವರು ಸಂಬಳದ ಸಂಶೋಧಕರು. ಆದರೂ 1961ರಲ್ಲಿ ವಿಕ್ಟರ್ ವಿಸೋಟ್ಸ್ಕಿ, ರಾಬರ್ಟ್ ಮಾರಿಸ್ ಮತ್ತು ಡಗ್ಲಸ್ ಮೆಕ್‌ಇಲ್ರಾಯ್ ‘ಡಾರ್ವಿನ್’ ಎಂಬ ಆಟವನ್ನು ಕಟ್ಟಿ, ಒಂದೇ ಮೆಮೊರಿಯಲ್ಲಿ ಕೂರಿಸಿದ ತಮ್ಮ ತಮ್ಮ ಪ್ರೋಗ್ರಾಮುಗಳು ಪರಸ್ಪರ ಬೇಟೆಯಾಡುತ್ತ ತಮ್ಮ ಸಂತತಿಯನ್ನು ಹೆಚ್ಚಿಸಿಕೊಳ್ಳುವಂತೆ ಮಾಡಿದರು; ಮಾರಿಸ್ ಬರೆದ ಪ್ರೋಗ್ರಾಮನ್ನು ಸೋಲಿಸುವುದು ಯಾರಿಂದಲೂ ಆಗದೆ ಆಟ ಕೆಲವೇ ವಾರಗಳಲ್ಲಿ ನಿಂತಿತು. ಇದಕ್ಕಿಂತ ದೂರಗಾಮಿಯಾದದ್ದು ಕೆನ್ ಥಾಮ್ಸನ್ ಅವರ ‘ಸ್ಪೇಸ್ ಟ್ರಾವೆಲ್’. ಸೌರಮಂಡಲದಲ್ಲಿ ನೌಕೆ ನಡೆಸುವ ಈ ಆಟವನ್ನು ದೊಡ್ಡ ಯಂತ್ರದಲ್ಲಿ ಒಮ್ಮೆ ಆಡಿದರೆ ಯಂತ್ರಸಮಯದ ಲೆಕ್ಕದಲ್ಲಿ ಸುಮಾರು 75 ಡಾಲರ್ ಖರ್ಚಾಗುತ್ತಿತ್ತೆಂದು ಅವರ ಸಹೋದ್ಯೋಗಿ ಡೆನಿಸ್ ರಿಚಿ ಬರೆದಿದ್ದಾರೆ. ಹಾಗಾಗಿ 1969ರಲ್ಲಿ ಥಾಮ್ಸನ್, ಹೆಚ್ಚು ಬಳಕೆಯಿಲ್ಲದೆ ಮೂಲೆಯಲ್ಲಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರಕ್ಕೆ, ರಿಚಿಯವರ ನೆರವಿನಿಂದ ಆಟವನ್ನು ಪೂರ್ತಿಯಾಗಿ ತಿರುಗಿ ಬರೆದರು. ಪ್ರೋಗ್ರಾಮನ್ನು ದೊಡ್ಡ ಯಂತ್ರದಲ್ಲಿ ಸಿದ್ಧಪಡಿಸಿ ಕಾಗದದ ಟೇಪಿನಲ್ಲಿ ಹೊತ್ತು ತರುವ ಬವಣೆಯನ್ನು ತಪ್ಪಿಸಿಕೊಳ್ಳಲು ಆ ಸಣ್ಣ ಯಂತ್ರಕ್ಕೇ ಬೇಕಾದ ಉಪಕರಣಗಳನ್ನು ಕಟ್ಟತೊಡಗಿದರು. ಅಲ್ಲಿ ಬೆಳೆದದ್ದೇ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಇಂದಿನ ಸರ್ವರುಗಳ ಮತ್ತು ಮೊಬೈಲ್ ಫೋನುಗಳ ಆಪರೇಟಿಂಗ್ ಸಿಸ್ಟಂಗಳಲ್ಲಿ ಬಹುಪಾಲು ಅದರ ವಂಶದವು, ಇಲ್ಲವೇ ಅದರ ಮಾದರಿಯಲ್ಲಿ ಕಟ್ಟಿದಂಥವು. ಆಟವೊಂದೇ ಇದಕ್ಕೆ ಕಾರಣವೆಂದರೆ ಅತಿಶಯೋಕ್ತಿಯಾದೀತು, ಏಕೆಂದರೆ ಕಡತವ್ಯವಸ್ಥೆಯ ಕಲ್ಪನೆ ಥಾಮ್ಸನ್ ಅವರ ಮನಸ್ಸಿನಲ್ಲಿ ಮೊದಲೇ ಇತ್ತು. ಆದರೆ ಆ ಯಂತ್ರದ ಮುಂದೆ ಅವರನ್ನು ಕೂರಿಸಿದ್ದು ಆಟವೇ.

ಥಾಮ್ಸನ್ ಮತ್ತು ರಿಚಿ ಅವರಿಗೆ ಕಂಪ್ಯೂಟರ್ ವಿಜ್ಞಾನದ 1983ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಬಂದಾಗ ಥಾಮ್ಸನ್ ತಮ್ಮ ಉಪನ್ಯಾಸವನ್ನು ಆರಂಭಿಸಿದ್ದು ಕಾಲೇಜಿನ ದಿನಗಳಲ್ಲಿ ಗೆಳೆಯರು ಪರಸ್ಪರ ಒಡ್ಡುತ್ತಿದ್ದ ಒಗಟಿನಿಂದ: ತನ್ನದೇ ಪಠ್ಯವನ್ನು ತಾನೇ ಅಚ್ಚಿಸುವ ಅತ್ಯಂತ ಚಿಕ್ಕ ಪ್ರೋಗ್ರಾಮನ್ನು ಬರೆಯಬೇಕು. ಡಗ್ಲಸ್ ಹಾಫ್‌ಸ್ಟಾಡ್ಟರ್ ತರ್ಕಶಾಸ್ತ್ರಜ್ಞ ಕ್ವೈನ್ ಅವರ ಗೌರವಾರ್ಥವಾಗಿ 1979ರಲ್ಲಿ ಬಳಕೆಗೆ ತಂದ ಹೆಸರಿನಿಂದಾಗಿ ಇಂತಹ ಪ್ರೋಗ್ರಾಮುಗಳು ಇಂದು ‘ಕ್ವೈನ್’ ಎನಿಸಿಕೊಳ್ಳುತ್ತವೆ. ಒಗಟಿನ ಗಂಟು ಎಲ್ಲಿದೆಯೆಂದರೆ, ಅಚ್ಚಿಸು ಎಂಬ ಆದೇಶದೊಳಗೆ ಇಡೀ ಪಠ್ಯವನ್ನು ತುಂಬಲು ಹೋದರೆ ಆ ಆದೇಶವೂ ಪಠ್ಯದ ಭಾಗವಾದ್ದರಿಂದ ತುಂಬುವುದು ಮುಗಿಯುವುದೇ ಇಲ್ಲ. ಪರಿಹಾರವನ್ನು ಕನ್ನಡ ವಾಕ್ಯದಲ್ಲಿಯೇ ತೋರಿಸಬಹುದು. ಮುಂದಿರುವ ಮಾತನ್ನು ಒಮ್ಮೆ ಹಾಗೆಯೇ, ಇನ್ನೊಮ್ಮೆ ಉದ್ಧರಣ ಚಿಹ್ನೆಗಳೊಳಗೆ ಬರೆಯಿರಿ: “ಮುಂದಿರುವ ಮಾತನ್ನು ಒಮ್ಮೆ ಹಾಗೆಯೇ, ಇನ್ನೊಮ್ಮೆ ಉದ್ಧರಣ ಚಿಹ್ನೆಗಳೊಳಗೆ ಬರೆಯಿರಿ:” ಈ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದವರ ಹಾಳೆಯ ಮೇಲೆ ಉಳಿಯುವುದು ಈ ಸೂಚನೆಯೇ. ಒಂದೇ ಮಾತು ಮೊದಲ ಸಲ ಆಜ್ಞೆಯಾಗಿ, ಎರಡನೆಯ ಸಲ ಆಜ್ಞೆಗೆ ಸಾಮಗ್ರಿಯಾಗಿ ಕೆಲಸ ಮಾಡುತ್ತದೆ.

ಥಾಮ್ಸನ್ ಈ ಕಾಲೇಜು ಒಗಟಿನಿಂದ ಹೊರಟು ತಲುಪಿದ ಸ್ಥಳ ಭಯಾನಕವಾದುದು. ಕಂಪೈಲರ್ ಎಂದರೆ ಮನುಷ್ಯರು ಓದಬಲ್ಲ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಂ. ಅದೂ ಒಂದು ಕಂಪೈಲರಿನಿಂದಲೇ ತಯಾರಾಗುತ್ತದೆ. ಕ್ವೈನಿನ ತಂತ್ರವನ್ನು ಬಳಸಿದರೆ, ಲಾಗಿನ್ ಪ್ರೋಗ್ರಾಮನ್ನು ಅನುವಾದಿಸುವಾಗ ಅದರಲ್ಲಿ ಕಳ್ಳಬಾಗಿಲನ್ನು ಇಡುವ, ಮತ್ತು ಕಂಪೈಲರನ್ನೇ ಅನುವಾದಿಸುವಾಗ ಈ ಕುತಂತ್ರವನ್ನು ಹೊಸ ಕಂಪೈಲರಿಗೂ ದಾಟಿಸುವ ಕಂಪೈಲರನ್ನು ಕಟ್ಟಬಹುದು. ಆಮೇಲೆ ಮೂಲಪಠ್ಯದಿಂದ ಕುತಂತ್ರವನ್ನು ಅಳಿಸಿಹಾಕಿದರೂ ಅದು ಯಂತ್ರಭಾಷೆಯ ರೂಪದಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ. ತಾನೇ ಪೂರ್ತಿಯಾಗಿ ಬರೆಯದ ಯಾವ ಪ್ರೋಗ್ರಾಮನ್ನೂ ಅದರ ಮೂಲಪಠ್ಯ ಓದಿದ ಮಾತ್ರಕ್ಕೆ ನಂಬಲಾಗದು ಎಂಬ ಈ ನಿರ್ಣಯ 1984ರ ಆಗಸ್ಟ್‌ನಲ್ಲಿ ಅಚ್ಚಾಯಿತು, ಮತ್ತು ತಂತ್ರಾಂಶ ಸುರಕ್ಷತೆಯ ಚರ್ಚೆಯಲ್ಲಿ ಇಂದಿಗೂ ಅದೇ ಆರಂಭಬಿಂದು.

ಅದೇ 1984ರಲ್ಲಿ ಲ್ಯಾಂಡನ್ ಕರ್ಟ್ ನೋಲ್ ಮತ್ತು ಲ್ಯಾರಿ ಬ್ಯಾಸೆಲ್, ಇತರರು ‘ಸಿ’ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ತೊಡಕಾದ ಪ್ರೋಗ್ರಾಮುಗಳಲ್ಲಿ ದೋಷ ಹುಡುಕಿ ಬೇಸತ್ತು, ಅತ್ಯಂತ ಅಸ್ಪಷ್ಟವಾದ ಸಿ ಪ್ರೋಗ್ರಾಂ ಬರೆಯುವ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಆರಂಭಿಸಿದರು. ಆ ವರ್ಷದ ಮುಖ್ಯ ಬಹುಮಾನ ಪಡೆದ ಕೃತಿಯಲ್ಲಿ, ಪ್ರೋಗ್ರಾಂ ಆರಂಭವಾಗಬೇಕಾದ ಸ್ಥಳದಲ್ಲಿ ಅಂಕಿಗಳ ಪಟ್ಟಿಯೊಂದು ಮಾತ್ರ ಇತ್ತು, ಮತ್ತು ಆ ಅಂಕಿಗಳೇ ಎರಡು ಬೇರೆಬೇರೆ ಯಂತ್ರಗಳಲ್ಲಿ ನಡೆಯುವ ಯಂತ್ರಭಾಷೆಯ ಆದೇಶಗಳಾಗಿದ್ದವು. 1994ರಲ್ಲಿ ಒಂದಕ್ಷರವೂ ಇಲ್ಲದ ಖಾಲಿ ಕಡತವೊಂದು ತನ್ನನ್ನು ತಾನೇ ನಕಲಿಸುವ ಜಗತ್ತಿನ ಅತಿ ಚಿಕ್ಕ ಪ್ರೋಗ್ರಾಂ ಎಂಬ ಹಕ್ಕಿನೊಂದಿಗೆ ಬಂದಾಗ, ನಿಯಮಗಳ ಅತಿ ಕೆಟ್ಟ ದುರುಪಯೋಗಕ್ಕೆಂದಿದ್ದ ಬಹುಮಾನ ಅದಕ್ಕೆ ಸಂದಿತು. ಕೆಟ್ಟ ಬರವಣಿಗೆ ಎಂದರೇನೆಂದು ಇಷ್ಟು ಸೂಕ್ಷ್ಮವಾಗಿ ಅರಿತವರಿಗೆ ಮಾತ್ರ ಇಂತಹ ಸ್ಪರ್ಧೆ ಸಾಧ್ಯ. ಸ್ಪಷ್ಟವಾಗಿ ಬರೆಯುವುದನ್ನು ಕಲಿಸುವ ವಿಧಾನಗಳಲ್ಲಿ ಇದೂ ಒಂದಾಗಿ ನಿಂತಿತು.

ಹರಟೆಯ ಭಾಷೆಯೂ ಈ ನಡುವೆ ಬರಹಕ್ಕೆ ಇಳಿಯಿತು. ಸ್ಟ್ಯಾನ್‌ಫರ್ಡಿನಲ್ಲಿ ರಾಫೆಲ್ ಫಿಂಕೆಲ್ 1975ರಲ್ಲಿ ಆರಂಭಿಸಿದ ಆಡುಮಾತುಗಳ ಕಡತ ಎಂಐಟಿಯವರ ಕೈಸೇರಿ ಬೆಳೆಯುತ್ತ, 1983ರಲ್ಲಿ ಗೈ ಸ್ಟೀಲ್ ಅವರ ಸಂಪಾದಕತ್ವದಲ್ಲಿ ಪುಸ್ತಕವಾಯಿತು. ಸ್ಯಾಮ್ಸನ್ ಅವರ ಕಿರುನಿಘಂಟಿನ ಪದಗಳಲ್ಲಿ ಕೆಲವು ಇದರಲ್ಲಿಯೂ ಉಳಿದುಕೊಂಡು, ಮುಂದೆ ಅಮೆರಿಕವನ್ನೇ ನೋಡದ ಪ್ರೋಗ್ರಾಮರ್‌ಗಳ ದಿನಬಳಕೆಗೂ ಬಂದವು.

ಒಗಟಿಗೂ ನೌಕರಿಗೂ ಇದ್ದ ಸಂಬಂಧ ಮುಂದಿನ ದಶಕಗಳಲ್ಲಿ ತಲೆಕೆಳಗಾಯಿತು. ಕೆಲಸದ ನಡುವಿನ ಸ್ವಇಚ್ಛೆಯ ಆಟವಾಗಿದ್ದ ಒಗಟು ಕೆಲಸಕ್ಕೆ ಸೇರಿಸಿಕೊಳ್ಳುವ ಪರೀಕ್ಷೆಯಾಯಿತು. ಮ್ಯಾನ್‌ಹೋಲ್ ಮುಚ್ಚಳ ಏಕೆ ದುಂಡಗಿರುತ್ತದೆ ಎಂಬಂತಹ ಪ್ರಶ್ನೆಗಳು ಮೈಕ್ರೋಸಾಫ್ಟ್ ಸಂದರ್ಶನಗಳ ಮೂಲಕ ಹೆಸರಾದವು. ಗೂಗಲ್ 2004ರಲ್ಲಿ ಸಿಲಿಕಾನ್ ಕಣಿವೆಯ ಹೆದ್ದಾರಿಯ ಬದಿಯಲ್ಲಿ, ತನ್ನ ಹೆಸರನ್ನೇ ಹಾಕದೆ, ಗಣಿತದ ಇ ಎಂಬ ಸ್ಥಿರಾಂಕದ ಅನುಕ್ರಮ ಅಂಕಿಗಳಲ್ಲಿ ಮೊದಲು ಸಿಗುವ ಹತ್ತಂಕಿಯ ಅವಿಭಾಜ್ಯ ಸಂಖ್ಯೆ ಯಾವುದೆಂದು ಕೇಳುವ ಫಲಕ ನಿಲ್ಲಿಸಿತು. ಅದೇ ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಲಾಸ್ಲೊ ಬಾಕ್ 2013ರಲ್ಲಿ ಇಂತಹ ಒಗಟುಗಳಿಂದ ಅಭ್ಯರ್ಥಿಯ ಮುಂದಿನ ಕೆಲಸದ ಬಗ್ಗೆ ಏನೂ ತಿಳಿಯುವುದಿಲ್ಲ, ಅದು ಬರೀ ಸಮಯವ್ಯರ್ಥ ಎಂದು ಪತ್ರಿಕೆಯೊಂದಕ್ಕೆ ಬಹಿರಂಗವಾಗಿ ಹೇಳಿದರು. ಆದರೂ ಬೆಂಗಳೂರಿನ ಸಾಫ್ಟ್‌ವೇರ್ ನೌಕರಿಗೆ ಸಿದ್ಧರಾಗುವ ತರುಣ ತರುಣಿಯರು ಗಡಿಯಾರವನ್ನು ಮುಂದಿಟ್ಟುಕೊಂಡು ಪ್ರೋಗ್ರಾಮಿಂಗ್ ಲೆಕ್ಕಗಳನ್ನು ತಿಂಗಳುಗಟ್ಟಲೆ ಬಿಡಿಸುವುದು ಇಂದಿಗೂ ನಿಂತಿಲ್ಲ, ಮತ್ತು ಬಿಟ್‌ಗಳಲ್ಲಿ ಒಂದುಗಳನ್ನು ಎಣಿಸುವ ಲೆಕ್ಕವೂ ಅವುಗಳಲ್ಲಿ ಸೇರಿದೆ. ಒಬ್ಬರ ಉತ್ತರವನ್ನು ಇನ್ನೊಬ್ಬರು ಓದಿ ಉತ್ತಮಪಡಿಸುವ ಅವಕಾಶ ಎಂಐಟಿ ಮತ್ತು ಬೆಲ್ ಪ್ರಯೋಗಾಲಯಗಳಲ್ಲಿ ಒಗಟಿಗೆ ಬೆಲೆ ತಂದಿತ್ತು. ಒಬ್ಬಂಟಿಯಾಗಿ ಉತ್ತರಿಸಿ ಎದ್ದುಹೋಗಬೇಕಾದ ಸಂದರ್ಶನದ ಕೊಠಡಿಯಲ್ಲಿ ಆ ಅವಕಾಶವಿಲ್ಲ. ಆದ್ದರಿಂದ ಅಲ್ಲಿ ಕೇಳಲಾಗುವ ಒಗಟನ್ನು ಈ ಪರಂಪರೆಯ ಮುಂದುವರಿಕೆಯೆಂದು ಕರೆಯಲು ಆಧಾರವಿಲ್ಲ.